ಮೂರು ಹುಳುಗಳ ಪರೀಕ್ಷೆ

ಸೈಕಲ್ ಪ್ರವಾಸಕ್ಕೆ ಹೊರಡುವ ಮುನ್ನ ಏನೇನು ಅನಾಹುತ ಆಗಬಹುದು ಎಂದು ನಾನೊಂದು ಪಟ್ಟಿ ಮಾಡಿದ್ದೆ. ಒಂದು ಪುಟ ಸಾಲದೆ ಹಿಂಬದಿಗೂ ಹೋಗಿತ್ತು. ಲಾರಿ, ನಾಯಿ, ಸಿಡಿಲು, ಮಂಡಿನೋವು, ಹಳಸಿದ ಚಿತ್ರಾನ್ನ, ಡೆಂಗಿ. ಪಟ್ಟಿಯ ಉದ್ದಕ್ಕೂ ಅಪಾಯಕ್ಕೆ ಸಿಕ್ಕುವವನು ನಾನೊಬ್ಬನೇ. ನನ್ನಿಂದ ಇನ್ನೊಬ್ಬರಿಗೆ ಅಪಾಯವಾಗಬಹುದು ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ನಾನು ಕೆಲಸ ಮಾಡುವುದು ನೆಲಮಂಗಲದ ಹತ್ತಿರದ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ. 'ಎಚ್ಚರಿಕೆ' ಎಂಬ ಬೋರ್ಡುಗಳನ್ನು ಬರೆಸಿ ಹಾಕುವುದು, ಅವನ್ನು ಯಾರೂ ಓದುವುದಿಲ್ಲ ಎಂದು ಕೊರಗುವುದು, ಇವೆರಡೇ ನನ್ನ ಕಸುಬು. ವಾರದ ಆರು ದಿನ ಚಿಂತೆ ಮಾಡುವುದಕ್ಕೆ ಸಂಬಳ ಕೊಡುತ್ತಾರೆ. ಭಾನುವಾರ ಪುಕ್ಕಟೆ ಮಾಡುತ್ತೇನೆ.

ಐವತ್ತೆರಡನೆಯ ವಯಸ್ಸಿನಲ್ಲಿ ಆರು ದಿನದ ಸೈಕಲ್ ಪ್ರವಾಸ ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ. ನಿಜ ಏನೆಂದರೆ, ಎರಡು ವರ್ಷದಿಂದ ಹೋಗುತ್ತೇನೆ ಹೋಗುತ್ತೇನೆ ಎಂದು ಹೇಳಿ ಹೇಳಿ, ಹೋಗದೆ ಉಳಿಯುವುದು ಹೋಗುವುದಕ್ಕಿಂತ ಕಷ್ಟವಾಗಿಬಿಟ್ಟಿತ್ತು. ನೆಲಮಂಗಲದಿಂದ ದೊಡ್ಡಬಳ್ಳಾಪುರ, ತೂಬಗೆರೆ, ಚಿಕ್ಕಬಳ್ಳಾಪುರ. ಅಲ್ಲಿಂದ ಲೇಪಾಕ್ಷಿ, ಪೆನುಕೊಂಡ. ಮಧುಗಿರಿ ಸುತ್ತಿಕೊಂಡು ಮನೆ. ಅಕ್ಟೋಬರ್ ತಿಂಗಳು, ಮಳೆ ಮುಗಿದಿರುತ್ತದೆ ಎಂದುಕೊಂಡಿದ್ದೆ. ಪಂಚಾಂಗ ನೋಡಿದ್ದರೆ ಚಿತ್ತೆ ಮಳೆ ಇನ್ನೂ ಬಾಕಿ ಇರುವುದು ಗೊತ್ತಾಗುತ್ತಿತ್ತು. ನಾನು ನೋಡಿದ್ದು ಮೊಬೈಲು.

ಹೊರಡುವ ದಿನ ಬೆಳಗ್ಗೆ ಮೈಗೆಲ್ಲ ಸೊಳ್ಳೆ ಕ್ರೀಮು ಬಳಿದುಕೊಳ್ಳುತ್ತಿದ್ದೆ. ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಸೈಕಲ್ ಓಡ್ಸೋರ ಮೇಲೆ ಸೊಳ್ಳೆ ಹೆಂಗ್ರೀ ಕೂತ್ಕೊಳ್ಳುತ್ತೆ?"

"ಯಾಕೆ ಕೂತ್ಕೊಳ್ಳಲ್ಲ?"

"ಅಷ್ಟು ನಿಧಾನಕ್ಕೆ ಹೋಗ್ತೀನಿ ಅಂತ ನೀವೇ ಒಪ್ಕೊಂಡ್ರಲ್ಲ, ಸರಿ ಬಿಡಿ. ಕತ್ತಿಗೂ ಹಚ್ಕೊಳ್ಳಿ."

ಕತ್ತಿಗೂ ಹಚ್ಚಿಕೊಂಡೆ. ಅಂಗಿಯ ತೋಳುಗಳಿಗೆ ಸೊಳ್ಳೆ ಓಡಿಸುವ ಎರಡು ಸ್ಟಿಕ್ಕರುಗಳನ್ನೂ ಅಂಟಿಸಿಕೊಂಡೆ.

ದೊಡ್ಡಬಳ್ಳಾಪುರ ಮುಟ್ಟುವ ಹೊತ್ತಿಗೆ ಹನಿ ಶುರುವಾಯಿತು. ಊರೊಳಗೆ ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಮಳೆ ಜೋರಾದದ್ದು ಕಿವಿಗೆ ಗೊತ್ತಾಗಲಿಲ್ಲ, ಕನ್ನಡಕಕ್ಕೆ ಗೊತ್ತಾಯಿತು. ಒಂದು ಟೀ ಅಂಗಡಿಯ ಶೀಟಿನ ಕೆಳಗೆ ನಿಂತು ರೈನ್‌ಕೋಟು ಹಾಕಿಕೊಂಡೆ. ಮಳೆಗೆ ಕ್ರೀಮು ತೊಳೆದುಹೋಗಿರುತ್ತದೆ ಎಂದು ಕೈಗೆ ಇನ್ನೊಂದು ಸಲ ಧಾರಾಳವಾಗಿ ಬಳಿದೆ.

"ಎಲ್ಲಿಗೆ ಸಾರ್?" ಎಂದ ಅಂಗಡಿಯವನು.

"ಲೇಪಾಕ್ಷಿಗೆ."

ಅವನು ನನ್ನನ್ನೂ ಸೈಕಲ್ಲನ್ನೂ ನೋಡಿ, ಬಹಳ ಕನಿಕರದಿಂದ, "ಬಸ್ಸಿದೆಯಲ್ಲ ಸಾರ್," ಎಂದ.

ತೂಬಗೆರೆ ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ಮಳೆ ಪರದೆ ಎಳೆದ ಹಾಗೆ ಬಿತ್ತು. ತೆನೆ ಕಟ್ಟಿದ ರಾಗಿ ಹೊಲಗಳು ಎರಡೂ ಕಡೆ ತಲೆ ಬಗ್ಗಿಸಿಕೊಂಡು ನಿಂತಿದ್ದವು. ಎದುರಿಗೆ ಬಂದ ಬೈಕಿನವನೊಬ್ಬ, ಮುಂದೆ ಕೆರೆ ಕೋಡಿ ಬಿದ್ದು ನೀರು ರಸ್ತೆ ಮೇಲೆ ಹರಿಯುತ್ತಿದೆ, ಇಳಿಯುವ ತನಕ ಹೋಗಬೇಡಿ ಎಂದು ಕೂಗಿ ಹೋದ. ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕುವಂತಿರಲಿಲ್ಲ. ವಾಪಸ್ಸು ಹೋಗಿ ಮಧ್ಯಾಹ್ನಕ್ಕೆ ಮನೆಯಲ್ಲಿ ಬಿಸಿ ಸಾರು ಉಣ್ಣಬಹುದು ಎಂದು ಸೈಕಲ್ ತಿರುಗಿಸುವವನಿದ್ದೆ. ಸಿಡಿಲು ಬಡಿಯಿತು. ರಸ್ತೆ ಪಕ್ಕದಲ್ಲಿ ಉದ್ದನೆಯ ಶೀಟಿನ ಮನೆಯೊಂದು, ಮುಂದೆ ಜಗುಲಿ ಕಂಡಿತು. ನುಗ್ಗಿದೆ.

"ಯಾರಪ್ಪಾ ಅದು? ಔಷಧಿ ಹೊಡೆಯೋನಾ? ಬರ್ಬೇಡ, ಬರ್ಬೇಡ, ಹುಳ ಹಣ್ಣಾಗವೆ!"

ಕೂಗಿದವರು ಅರವತ್ತೈದು ದಾಟಿದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತಿದ್ದರು. ನನ್ನ ವೇಷ ನೋಡಿದರೆ ಅವರದ್ದು ತಪ್ಪಿರಲಿಲ್ಲ: ತಲೆಯಿಂದ ಕಾಲಿನ ತನಕ ಹಳದಿ ಕೋಟು, ಕಣ್ಣಿಗೆ ಕನ್ನಡಕ, ಬೆನ್ನಿಗೆ ನೀರಿನ ಚೀಲ, ಅದರಿಂದ ಹೆಗಲ ಮೇಲೆ ಬಂದ ಕೊಳವೆ.

"ಅಲ್ಲಮ್ಮ, ಸೈಕಲ್ ಪ್ರವಾಸ. ಇದು ಕುಡಿಯೋ ನೀರು."

"ಕುಡಿಯೋ ನೀರು ಬೆನ್ನಿಗ್ ಕಟ್ಕೊಂಡು ಮಳೇಲಿ ಹೋಯ್ತಾ ಇದ್ದೀಯಾ?"

ನಾನು ಕೊಳವೆಯನ್ನು ಕೋಟಿನೊಳಗೆ ತುರುಕಿಕೊಂಡೆ.

ಅದು ರೇಷ್ಮೆ ಹುಳು ಸಾಕುವ ಮನೆ. ಒಳಗೆ ಅವರ ಸೊಸೆ, ಮೂವತ್ತೈದರ ಆಸುಪಾಸಿನವಳು, ಸೊಪ್ಪಿನ ಮೇಲೆ ಬಗ್ಗಿ ಎರಡೂ ಕೈಯಲ್ಲಿ ಹುಳು ಆಯುತ್ತಿದ್ದಳು. ಇಪ್ಪತ್ತೈದು ದಿನ ಸೊಪ್ಪು ತಿಂದ ಹುಳುಗಳು ಅವತ್ತು ಒಮ್ಮೆಲೇ ಹಣ್ಣಾಗಿದ್ದವು. ಹಣ್ಣಾಗುವುದೆಂದರೆ ತಿನ್ನುವುದನ್ನು ಬಿಟ್ಟು, ನೂಲು ತೆಗೆಯಲು ಜಾಗ ಹುಡುಕುತ್ತಾ ತಲೆ ಎತ್ತುವುದು. ಆಗ ಅವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರು ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ನಿಲ್ಲಿಸಿ ಹೆಣೆದದ್ದು. ಆ ಸುರುಳಿಯ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ. ತಡವಾದರೆ ಸೊಪ್ಪಿನ ಕಸದಲ್ಲೇ ಕಟ್ಟಿಕೊಂಡು ಗೂಡು ಹಾಳು. ಹುಳು ಕಾಯುವುದಿಲ್ಲ. ಅವತ್ತು ಕೈಗಳೇ ಇರಲಿಲ್ಲ. ಸೊಸೆಯ ಗಂಡ ಇನ್ನಷ್ಟು ಚಂದ್ರಿಕೆ ತರಲು ಟೆಂಪೋ ಮಾಡಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋಗಿದ್ದ. ಹಿಂದೆ ಇವರು ಮಾಡಿಕೊಟ್ಟ ಕೆಲಸದ ಮುಯ್ಯಿಗೆ ಬರಬೇಕಾದ ಪಕ್ಕದೂರಿನ ಹೆಂಗಸರು ಕೋಡಿಯ ಆಚೆ ಸಿಕ್ಕಿಕೊಂಡಿದ್ದರು.

"ಚಿತ್ತೆ ಕುರುಡು ಕಣಪ್ಪ," ಎಂದರು ಅಜ್ಜಿ, ಆಕಾಶದ ಕಡೆ ಗದ್ದ ತೋರಿಸಿ. "ಕಣ್ಣು ಕಾಣಲ್ಲ, ಎರಚಿದ ಕಡೆ ಎರಚುತ್ತೆ. ಸುಮ್ನೆ ಯಾಕ್ ನಿಂತಿದ್ದೀಯಾ, ಬಾ, ನೀನೂ ಕೈ ಹಾಕು."

ಬಾಗಿಲ ಪಕ್ಕದಲ್ಲಿ ಕಪ್ಪು ಹಲಗೆ. ಸೊಸೆಯ ದುಂಡಗಿನ ಅಕ್ಷರ: 'ಚಪ್ಪಲಿ ಹೊರಗೆ ಬಿಡಿ. ಕಾಲು ಅದ್ದಿ. ಕೈ ಸೋಪಿನಲ್ಲಿ ತೊಳೆದು ಒಳಗೆ ಬನ್ನಿ.' ನನಗೆ ಹೃದಯ ತುಂಬಿ ಬಂತು. ಇಷ್ಟು ಚಿಕ್ಕದಾಗಿ, ಚೊಕ್ಕವಾಗಿ ಬೋರ್ಡು ಬರೆಯಲು ನಮ್ಮ ಕಾರ್ಖಾನೆಯಲ್ಲಿ ಮೂರು ಸಭೆ ಬೇಕು. ಕೋಟು ಬಿಚ್ಚಿಟ್ಟೆ, ಶೂ ಬಿಟ್ಟೆ, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತಟ್ಟೆಯಲ್ಲಿ ಕಾಲು ಅದ್ದಿದೆ, ಹೊಸ್ತಿಲ ಸುಣ್ಣ ತುಳಿದೆ. ಕೈ ಹೇಗೂ ಮಳೆಯಲ್ಲಿ ತೊಳೆದುಹೋಗಿತ್ತಲ್ಲ. ಮೂರನೆಯ ಸಾಲನ್ನು ಮೆಚ್ಚಿಕೊಂಡು ಒಳಗೆ ಹೋದೆ.

ಸೊಸೆ ತಲೆ ಎತ್ತದೆ ಕೆಲಸ ತೋರಿಸಿಕೊಟ್ಟಳು. "ಬೆಳ್ಳಗಿರೋದು ಬೇಡ ಅಣ್ಣ, ಅದು ಇನ್ನೂ ತಿನ್ನುತ್ತೆ. ದ್ರಾಕ್ಷಿ ಥರ ಬೆಳಕು ಹಾಯ್ತಾ ಇರುತ್ತಲ್ಲ, ಅದು ಹಣ್ಣು. ಒತ್ಬೇಡಿ, ಎತ್ತಿ ತಟ್ಟೆಗಿಡಿ." ಆಮೇಲೆ, ನಾನು ಕೇಳದಿದ್ದರೂ, "ಹಿಂದಿನ ಎರಡು ಬೆಳೆ ರೋಗಕ್ಕೆ ಹೋಯ್ತು. ಸೊಪ್ಪೆಲ್ಲಾ ಕಿತ್ತಾಕಿ ಗುಲಾಬಿ ಹಾಕ್ತೀನಿ ಅಂತ ನಮ್ಮನೆಯವರು ಕೂತಿದ್ರು. ಇದೊಂದು ಬೆಳೆ ನನ್ ಕೈಗೆ ಬಿಡಿ, ಇದೂ ಹೋದ್ರೆ ನಾನೇ ಗುದ್ಲಿ ತಗೊಂಡ್ ಬಂದು ಕೀಳ್ತೀನಿ ಅಂದೀನಿ."

"ನಾನ್ ಇವಳ ಕಡೆನೂ ಇಲ್ಲ, ಅವನ ಕಡೆನೂ ಇಲ್ಲ," ಎಂದರು ಅತ್ತೆ. "ಹುಳದ ಕಡೆ."

ನಾನು ಆಯತೊಡಗಿದೆ. ಹುಳು ಅಂಗೈ ಮೇಲೆ ತಣ್ಣಗೆ, ರೇಷ್ಮೆಯಾಗುವ ಮುನ್ನವೇ ರೇಷ್ಮೆಯ ಹಾಗಿತ್ತು. ಬೆಳಗ್ಗೆಯಿಂದ ಮೊದಲ ಸಲ ನನ್ನ ಮಂಡಿ ನನಗೆ ನೆನಪಾಗಲಿಲ್ಲ. ತಟ್ಟೆ ಮುಕ್ಕಾಲು ತುಂಬಿದಾಗ ಸೊಸೆ ನನ್ನ ಕಡೆ ತಿರುಗಿದಳು. ಅವಳ ಕೈ ನಿಂತಿತು.

"ಅತ್ತೆ. ಇಲ್ ನೋಡಿ."

ನನ್ನ ತಟ್ಟೆಯ ಹುಳುಗಳು ತಲೆ ಮೇಲೆತ್ತಿ ಆ ಕಡೆ ಈ ಕಡೆ ಒದ್ದಾಡುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿದ್ದವು. ಒಂದು ಹುಳು ಬಿಲ್ಲಿನ ಹಾಗೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿತು. ಸೊಸೆ ನನ್ನ ಮಣಿಕಟ್ಟು ಹಿಡಿದು ಮೂಗಿನ ಹತ್ತಿರ ಎಳೆದುಕೊಂಡಳು.

"ಅಣ್ಣ, ಕೈಗೇನ್ ಹಚ್ಚಿದೀರಾ?"

"ಸೊಳ್ಳೆ..." ಎಂದೆ. ಸೊಳ್ಳೆಯನ್ನು ಓಡಿಸುವುದು ಹುಳುವನ್ನೂ ಬಿಡುವುದಿಲ್ಲ ಎಂಬುದು ಐದನೇ ಕ್ಲಾಸಿನ ಮಗುವಿಗೂ ಹೊಳೆಯುವ ವಿಷಯ.

"ಅಯ್ಯೋ ನಿನ್ ಮನೆ ಕಾಯ್ವಾಗ! ಆಚೆಗ್ ನಡಿ!" ಅಜ್ಜಿ ಕೂಗಿದ ಕೂಗಿಗೆ ನಾನು ಒಂದೇ ನೆಗೆತಕ್ಕೆ ಮಳೆಯಲ್ಲಿದ್ದೆ. "ಊದಿನ ಕಡ್ಡಿ ಹಚ್ಚಲ್ಲ, ತಲೆನೋವಿಗ್ ಬಾಮು ಹಚ್ಚಲ್ಲ, ಒಗ್ಗರಣೆ ಹಾಕೋವಾಗ್ಲೂ ಬಾಗ್ಲು ಮುಚ್ತೀನಿ. ಇವ್ನು ಮೈಯೆಲ್ಲಾ ವಿಷ ಬಳ್ಕೊಂಡ್ ಬಂದವ್ನೆ! ಔಷಧಿ ಹೊಡೆಯೋನಾ ಅಂತ ನಾನ್ ಮೊದ್ಲೇ ಕೇಳ್ದೆ!"

ಸೊಸೆ ಬೈಯಲಿಲ್ಲ. ನನ್ನ ತಟ್ಟೆಯನ್ನು ಎತ್ತಿಕೊಂಡು ಬಂದು ಹಿತ್ತಿಲ ಗುಂಡಿಗೆ ಸುರಿದು, ತಟ್ಟೆಯನ್ನೂ ಅಲ್ಲೇ ಬಿಟ್ಟು, ಸೋಪಿನಲ್ಲಿ ಕೈ ತೊಳೆದುಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ಮುಟ್ಟಿದ ಸೊಪ್ಪಿನ ಮೇಲೆ ಇನ್ನೂ ಎಷ್ಟು ಹುಳು ಹರಿದಾಡುತ್ತಿವೆಯೋ, ಗಾಳಿಯಲ್ಲೇ ವಾಸನೆ ಎಷ್ಟು ದೂರ ಹೋಗಿದೆಯೋ. ಇಪ್ಪತ್ತೈದು ವರ್ಷ ಜನ ಬೋರ್ಡು ಓದುವುದಿಲ್ಲ ಎಂದು ದೂರಿಕೊಂಡು ಬಂದವನು, ಮೂರೇ ಸಾಲಿನ ಬೋರ್ಡಿನಲ್ಲಿ ಎರಡು ಸಾಲು ಪಾಲಿಸಿದ್ದೆ.

ಸೈಕಲ್ ಹತ್ತಿ ಓಡಿಹೋಗಬಹುದಿತ್ತು. ಸುಳ್ಳು ಹೇಳುವುದಿಲ್ಲ, ಕಾಲು ಪೆಡಲ್ಲಿಗೆ ಹೋಯಿತು. ಆಗ ಅಜ್ಜಿ ಒಂದು ಬಟ್ಟೆ ಸೋಪು, ಒಂದು ಹಿಡಿ ತೆಂಗಿನ ನಾರು, ಒಂದು ಮೊರದ ತುಂಬ ಒಲೆ ಬೂದಿ ತಂದು ಜಗುಲಿಯ ಅಂಚಿನಲ್ಲಿ ಇಟ್ಟರು.

"ಉಜ್ಕೊ."

"ಅಮ್ಮ, ನಾನು ಹೊರಟ್ಬಿಡ್ತೀನಿ. ಇನ್ನೂ ತೊಂದ್ರೆ..."

"ಹೊರಟ್ರೆ ಹುಳ ಯಾರ್ ಆಯೋದು? ನಿಮ್ಮಪ್ಪ ಬರ್ತಾರಾ? ಉಜ್ಕೊ."

ಸುರಿಯುವ ಮಳೆಯಲ್ಲಿ, ಶೀಟಿನ ಅಂಚಿನಿಂದ ಬೀಳುವ ಧಾರೆಯ ಕೆಳಗೆ ನಿಂತು ಉಜ್ಜಿಕೊಂಡೆ. ಮೊದಲು ಸೋಪು, ಆಮೇಲೆ ಬೂದಿ, ಮತ್ತೆ ಸೋಪು, ಮತ್ತೆ ಬೂದಿ. ಕತ್ತಿಗೂ ಹಚ್ಚಿದೀನಿ ಎಂದು ನಾನೇ ಒಪ್ಪಿಕೊಂಡಾಗ ಅಜ್ಜಿ ನಾರನ್ನು ಕಿತ್ತುಕೊಂಡು, ಎಮ್ಮೆ ತೊಳೆಯುವ ಅನುಭವವನ್ನೆಲ್ಲ ನನ್ನ ಕತ್ತಿನ ಮೇಲೆ ತೋರಿಸಿದರು. ಅಂಗಿಯನ್ನೂ ಅದರ ಸ್ಟಿಕ್ಕರುಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ, ಸೈಕಲ್ ಸಮೇತ ರಸ್ತೆಯ ಆಚೆ ಬದಿಗೆ ಗಡೀಪಾರು ಮಾಡಿದ್ದಾಯಿತು. ಅವರ ಮಗನ ಲುಂಗಿ, ತೂತಿನ ಬನಿಯನ್ನು ಹಾಕಿಕೊಂಡೆ. ಆ ಗಲಾಟೆಯಲ್ಲಿ ತಲೆ ಮೇಲೆ ಹೆಲ್ಮೆಟ್ಟು ಹಾಗೇ ಇತ್ತು ಎಂಬುದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.

ಸೊಸೆ ಜಗುಲಿಗೆ ಬಂದಳು. ಅವಳ ಅಂಗೈಯಲ್ಲಿ ಮೂರು ಹಣ್ಣುಹುಳುಗಳು.

"ಕೈ ಚಾಚಿ ಅಣ್ಣ."

ಚಾಚಿದೆ. ಒಂದು ಹುಳುವನ್ನು ನನ್ನ ಅಂಗೈ ಮೇಲೆ, ಒಂದನ್ನು ಮಣಿಕಟ್ಟಿನ ಮೇಲೆ, ಮೂರನೆಯದನ್ನು ಬೆರಳುಗಳ ಮೇಲೆ ಇಟ್ಟಳು. ಮೂವರೂ ಬಗ್ಗಿ ನೋಡಿದೆವು. ಎಸ್ಸೆಸ್ಸೆಲ್ಸಿ ಗಣಿತದ ಫಲಿತಾಂಶವನ್ನೂ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಂಗೈ ಮೇಲಿನ ಹುಳು ತಲೆ ಎತ್ತಿತು. ಅದು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ತಲೆ ತಗ್ಗಿಸಿತು; ಆಮೇಲೆ ನನ್ನ ಹೆಬ್ಬೆರಳಿನ ಕಡೆಗೆ ಸಾವಧಾನವಾಗಿ, ಮನೆ ನೋಡಲು ಬಂದ ಬಾಡಿಗೆದಾರನ ಹಾಗೆ ಹೊರಟಿತು. ಬೆರಳ ಮೇಲಿನದು ಇನ್ನೂ ಮುಂದೆ ಹೋಗಿ, ಎರಡು ಬೆರಳ ನಡುವೆ ಕೂದಲಿಗಿಂತ ಸಣ್ಣ ಎಳೆಯೊಂದನ್ನು ಅಂಟಿಸಿತು.

"ಗೂಡು ಕಟ್ಟಕ್ ಶುರು ಮಾಡ್ತು ನೋಡು ನಿನ್ ಕೈಲೇ," ಎಂದರು ಅಜ್ಜಿ. "ಬಾ ಒಳಗೆ. ಇನ್ನೊಂದ್ ಸಲ ಕೈ ತೊಳ್ಕೊಂಡ್ ಬಾ."

ಈ ಸಲ ಮೂರನೆಯ ಸಾಲನ್ನೂ ಪಾಲಿಸಿ ಒಳಗೆ ಹೋದೆ. ಆದರೂ ಸೊಸೆ ಹುಷಾರಿನ ಹೆಂಗಸು. ನಾನು ಆಯ್ದ ಹುಳುಗಳಿಗೆಲ್ಲ ಒಂದೇ ಒಂದು ಚಂದ್ರಿಕೆ ಬೇರೆ ಮಾಡಿ, ಕಿಟಕಿಯ ಹತ್ತಿರ ಒಂಟಿಯಾಗಿ ನಿಲ್ಲಿಸಿದಳು. ಗುರುತಿಗೆ ನನ್ನ ಸಾಮಾನಿನಿಂದ ಒಂದು ಹೊಳೆಯುವ ಹಳದಿ ಪಟ್ಟಿ ಕೇಳಿ ಅಂಟಿಸಿದಳು. ರಾತ್ರಿ ಲಾರಿಯವರಿಗೆ ಕಾಣಲಿ ಎಂದು ನಾನು ತಂದಿದ್ದ ಪಟ್ಟಿ.

ಎರಡು ಗಂಟೆ ಹೊತ್ತು ಮೂವರೂ ಸೊಂಟ ನೆಟ್ಟಗೆ ಮಾಡಲಿಲ್ಲ. ನೀರು ಇಳಿದು ಮುಯ್ಯಿಯ ಹೆಂಗಸರು ನಾಲ್ಕು ಜನ ಬಂದರು, ಅವರ ಹಿಂದೆಯೇ ಚಂದ್ರಿಕೆ ಹೇರಿದ ಟೆಂಪೋ. ತನ್ನ ಲುಂಗಿ ಉಟ್ಟು ಹೆಲ್ಮೆಟ್ಟು ಹಾಕಿಕೊಂಡು ಹುಳು ಆಯುತ್ತಿದ್ದವನನ್ನು ಮಗ ಬಾಗಿಲಲ್ಲೇ ನಿಂತು ನೋಡಿದ. ಹೆಂಡತಿ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು.

"ಅಂಥೋನ್ನ ಒಳಗೆ ಬಿಟ್ಕೊಂಡ್ರಾ?" ಎಂದ ಅವನು, ನನ್ನ ಕಡೆ ನೋಡದೆ. "ಇರೋದೊಂದು ಬೆಳೆ. ಹೋಗ್ಲಿ ಬಿಡು, ಗುಲಾಬಿ ಗಿಡಕ್ಕೆ ಹೇಳ್ತೀನಿ."

"ಇನ್ನೂ ಗೂಡೇ ಕಟ್ಟಿಲ್ಲ, ಆಗ್ಲೇ ಯಾಕ್ ಹೇಳ್ತೀರಾ?" ಎಂದಳು ಅವಳು. "ಆರನೇ ದಿನ ಬಿಡಿಸ್ತೀವಲ್ಲ, ಅವತ್ತು ಗೊತ್ತಾಗುತ್ತೆ. ಚಂದ್ರಿಕೆ ಇಳಿಸಿ."

ಲುಂಗಿ ವಾಪಸ್ಸು ಕೊಟ್ಟು, ನನ್ನ ಬೇರೆ ಬಟ್ಟೆ ಹಾಕಿಕೊಂಡು ಹೊರಡುವಾಗ ಮಳೆ ತುಂತುರಾಗಿತ್ತು. ಅಜ್ಜಿ ಮುದ್ದೆ, ಅವರೆಕಾಯಿ ಸಾರು ಹಾಕಿ, ಉಂಡ ಮೇಲೆ ಇನ್ನೊಂದು ಸಲ ಬೈದು ಕಳಿಸಿದರು. ವಾಪಸ್ಸು ಮನೆಗೆ ಹೋಗುವ ವಿಚಾರ ಎಲ್ಲಿ ಹೋಯಿತೋ ಗೊತ್ತಿಲ್ಲ. ಸೈಕಲ್ಲು ಚಿಕ್ಕಬಳ್ಳಾಪುರದ ಕಡೆ ತಿರುಗಿತ್ತು. ಎರಡು ಮೈಲಿ ಹೋದ ಮೇಲೆ ಹೊಳೆಯಿತು, ಅವರ ಫೋನ್ ನಂಬರ್ ಕೇಳಿಕೊಂಡಿರಲಿಲ್ಲ. ಮೂರು ಥರದ ಬ್ಯಾಂಡೇಜು ಹೊತ್ತು ತಿರುಗುವವನು ಒಂದು ನಂಬರ್ ಬರೆದುಕೊಳ್ಳುವುದನ್ನು ಮರೆತಿದ್ದೆ.

ಮುಂದಿನ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಲೇಪಾಕ್ಷಿಯ ಬಸವಣ್ಣ ದೊಡ್ಡದಾಗಿದೆ. ಪೆನುಕೊಂಡದ ಏರು ಉದ್ದವಾಗಿದೆ. ಇವನ್ನೆಲ್ಲ ನಾನು ನೋಡಿದ್ದು ಒಂದು ಕಣ್ಣಿನಲ್ಲಿ. ಇನ್ನೊಂದು ಕಣ್ಣು ಕಿಟಕಿಯ ಹತ್ತಿರದ ಆ ಚಂದ್ರಿಕೆಯ ಮೇಲೇ ಇತ್ತು. ಇವತ್ತು ನೂಲು ತೆಗೆಯುತ್ತಿರುತ್ತವೆ. ಇವತ್ತು ಗೂಡು ಮುಚ್ಚಿರಬೇಕು. ಅಥವಾ ಒಂದೂ ಕಟ್ಟದೆ ಜೋತುಬಿದ್ದಿರಬಹುದು, ಅವಳು ಗುದ್ದಲಿ ತೆಗೆದಿರಬಹುದು. ಎರಡನೆಯ ಸಂಜೆ ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಮಂಡಿ ಹೆಂಗಿದೆ?" ಎಂದಳು. ಆಗ ಗೊತ್ತಾಯಿತು, ಮಂಡಿ ಇದೆ ಎಂಬುದೇ ಮರೆತುಹೋಗಿತ್ತು. ಲಾರಿ, ನಾಯಿ, ಸಿಡಿಲು, ಪಟ್ಟಿಯ ಎರಡೂ ಪುಟ ಖಾಲಿಯಾಗಿ ಹುಳುಗಳು ಮಾತ್ರ ಉಳಿದಿದ್ದವು. ಇಷ್ಟು ಹಗುರಾಗಿ ನಾನು ಯಾವತ್ತೂ ಚಿಂತೆ ಮಾಡಿರಲಿಲ್ಲ. ಸೊಳ್ಳೆ ಕ್ರೀಮು ಮುಟ್ಟಲಿಲ್ಲ.

ಮಧುಗಿರಿಯಿಂದ ಕೊರಟಗೆರೆ ಮೇಲೆ ನೇರ ಮನೆಗೆ ಬರಬಹುದಿತ್ತು. ನಾನು ಗೌರಿಬಿದನೂರಿನ ಕಡೆ ತಿರುಗಿಸಿ, ಅರ್ಧ ದಿನದ ಸುತ್ತು ಹಾಕಿ, ಆರನೆಯ ದಿನ ಹನ್ನೊಂದು ಗಂಟೆಗೆ ಆ ಮನೆಯ ಮುಂದೆ ಬಂದು ನಿಂತೆ. ರಸ್ತೆಯ ಆಚೆ ಬದಿಯಲ್ಲಿ, ನನ್ನ ಅಂಗಿಯನ್ನು ಗಡೀಪಾರು ಮಾಡಿದ್ದ ಜಾಗದಲ್ಲಿ. ಬಿಸಿಲಿತ್ತು. ಮನೆಯ ಹಿಂದಿನ ಹಿಪ್ಪುನೇರಳೆ ತೋಟ ಹಸಿರಾಗಿ ನಿಂತಿತ್ತು. ಯಾರೂ ಅದನ್ನು ಕಿತ್ತಿರಲಿಲ್ಲ. ಆದರೆ ಕೀಳುವುದಿದ್ದರೂ ಇವತ್ತಿನ ಮೇಲೆ ತಾನೇ. ಜಗುಲಿಯ ತುಂಬ ಹೆಂಗಸರು ಕೂತು ಚಂದ್ರಿಕೆ ಬಿಡಿಸುತ್ತಿದ್ದರು.

"ಯಾರದು, ಔಷಧಿಯೋನಾ?" ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದರು. "ಯಾಕಪ್ಪಾ ಅಷ್ಟು ದೂರ ನಿಂತಿದ್ದೀಯಾ?"

"ಏನೂ ಹಚ್ಚಿಲ್ಲಮ್ಮ!" ಎಂದು ನಾನೂ ಕೂಗಿದೆ. ಸಾಕ್ಷಿಗೆ ಎರಡೂ ತೋಳು ಎತ್ತಿ ತೋರಿಸಿದೆ. ಐದು ರಾತ್ರಿಯ ಸೊಳ್ಳೆಗಳು ಸಹಿ ಹಾಕಿದ್ದವು. ಜಗುಲಿಯ ಹೆಂಗಸರೆಲ್ಲ ನಕ್ಕರು.

ಸೊಸೆ ನಗಲಿಲ್ಲ. ಒಳಗೆ ಹೋಗಿ ಒಂದು ಚಂದ್ರಿಕೆಯನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಮಲಗಿಸಿದಳು. ಹಳದಿ ಪಟ್ಟಿ ಬಿಸಿಲಿಗೆ ಹೊಳೆಯಿತು. "ನಿಮ್ದು ಯಾರೂ ಮುಟ್ಟಿಲ್ಲ. ಇದ್ರ ಭಯಕ್ಕೇ ಕೊನೇಲಿ ಬಿಡಿಸೋಣ ಅಂತಿದ್ದೆ. ನೀವು ಬಿಟ್ಟ ಹುಳ, ನೀವೇ ಬಿಡಿಸಿ."

ಸುರುಳಿಯ ತುಂಬ ಹಳದಿ ಗೂಡುಗಳು. ಅಲ್ಲಲ್ಲಿ ಕೆಲವು ಸಂದಿ ಖಾಲಿ, ಒಂದಿಷ್ಟು ಗೂಡು ತೆಳ್ಳಗೆ, ಬೆರಳಿಗೆ ಮೆತ್ತಗೆ ಒತ್ತಿಕೊಳ್ಳುತ್ತಿದ್ದವು. ಅವನ್ನು ಅವಳು ಪಕ್ಕಕ್ಕೆ ಹಾಕಿದಳು. ಒಂದು ಬೊಗಸೆಯಷ್ಟಾಯಿತು. ಉಳಿದವು ಗಟ್ಟಿ. ಆದರೆ ಹೊರಗಿನ ಗಟ್ಟಿಯನ್ನು ನಂಬುವುದು ಹೇಗೆ?

"ಒಳಗೆ ಜೀವ ಇದೆಯಾ ಅಂತ ಹೆಂಗ್ ಗೊತ್ತಾಗುತ್ತಮ್ಮ?"

ಅವಳು ಒಂದು ಗೂಡನ್ನು ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಟಕ್ ಟಕ್ ಎಂದಿತು. ಒಣಗಿದ ಹುಣಸೆ ಬೀಜ ಡಬ್ಬಿಯಲ್ಲಿ ಆಡಿದ ಹಾಗೆ, ಅದಕ್ಕಿಂತ ಸ್ವಲ್ಪ ಮೃದು. "ಸತ್ತಿದ್ರೆ ಒಳಗೇ ಅಂಟ್ಕೊಂಡಿರುತ್ತೆ, ಸದ್ದಿರಲ್ಲ," ಎಂದಳು. ಇನ್ನೊಂದನ್ನು ಅಲ್ಲಾಡಿಸಿದಳು. ಟಕ್ ಟಕ್. ಮೂರನೆಯದು. ಅವಳ ಗಂಡ ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನೂ ಬಗ್ಗಿ ಒಂದು ಗೂಡು ಆರಿಸಿ, ಯಾರಿಗೂ ಕಾಣಬಾರದೆಂಬಂತೆ ತಿರುಗಿ ಕಿವಿಗೆ ಹಿಡಿದ.

"ಮುಂದಿನ ಚಾಕಿಗೆ ಹೇಳ್ಬಿಡ್ಲಾ?" ಎಂದು ಕೇಳಿದಳು ಅವಳು, ಅವನ ಬೆನ್ನಿಗೆ. ಚಾಕಿ ಎಂದರೆ ಹೊಸ ಬೆಳೆಯ ಮರಿಹುಳು.

ಅವನು ಗೂಡನ್ನು ಇನ್ನೊಂದು ಸಲ ಅಲ್ಲಾಡಿಸಿದ. "ಹೇಳು," ಎಂದ. ಆಮೇಲೆ ನನ್ನ ಕಡೆ ನೋಡಿ, "ನನ್ ಲುಂಗಿ ನಿಮಗೇ ಚೆನ್ನಾಗಿತ್ತು ಬಿಡಿ ಸಾರ್," ಎಂದು ಚೀಲ ಬಿಡಿಸತೊಡಗಿದ.

ಮೂರನ್ನು ನೋಡಿದರೆ ಅವರಿಗೆಲ್ಲ ಸಾಕಾಗಿತ್ತು. ನನಗೆ ಹೇಗೆ ಸಾಕಾದೀತು? ಒಂದು ಗೂಡು ಕೀಳುವುದು, ಕಿವಿಗೆ ಹಿಡಿಯುವುದು, ಟಕ್ ಟಕ್, ಬುಟ್ಟಿಗೆ ಹಾಕುವುದು. ಇನ್ನೊಂದು ಕೀಳುವುದು, ಕಿವಿಗೆ ಹಿಡಿಯುವುದು.

"ಏನಪ್ಪಾ," ಎಂದರು ಅಜ್ಜಿ, ಬಹಳ ಹೊತ್ತು ನೋಡಿ ತಾಳ್ಮೆ ಮುಗಿದ ಮೇಲೆ. "ಒಂದೊಂದನ್ನೂ ಮಾತಾಡಿಸ್ಕೊಂಡು ಕೂತ್ರೆ ಇಲ್ಲೇ ಹತ್ತಿರದ ವಿಜಯಪುರದ ಗೂಡಿನ ಮಾರ್ಕೆಟ್‌ಗೆ ಗಾಡಿ ಯಾವಾಗ ಹೊರಡೋದು? ಬೇಗ ಬೇಗ ಕೀಳು."

ಬೇಗ ಬೇಗ ಕಿತ್ತೆ. ಅವರು ಅತ್ತ ತಿರುಗಿದಾಗ ಮಾತ್ರ, ಒಂದೊಂದನ್ನು ಅಲ್ಲಾಡಿಸಿ ನೋಡಿದೆ.